ಬೇನೆ ಬಾರದವರ ದಫ್ತರ

ಒಂದೇ ಮನೆ, ಒಂದೇ ಬಾವಿಯ ನೀರು, ಒಂದೇ ಒಲೆಯ ಮೇಲೆ ಬೆಂದ ಅನ್ನ. ಹೀಗಿದ್ದರೂ ಅಂಟುಬೇನೆಯು ಊರು ಹೊಕ್ಕಾಗ ಒಬ್ಬನು ಹಾಸಿಗೆ ಹಿಡಿಯುವನು, ಇನ್ನೊಬ್ಬನು ಅವನ ತಲೆದೆಸೆಯಲ್ಲಿ ಕುಳಿತು ಗಂಜಿ ಕುಡಿಸುತ್ತ ತಾನು ಸುಖವಾಗಿರುವನು. ಇದಕ್ಕೆ ಕಾರಣವೇನೆಂಬ ಪ್ರಶ್ನೆಯು ಇಂದಿನದಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ, ಪಾಂಚಾಲದೇಶದ ಕಾಂಪಿಲ್ಯದ ಬಳಿ ಗಂಗಾತೀರದಲ್ಲಿ ಸಂಚರಿಸುತ್ತಿದ್ದ ಪುನರ್ವಸು ಆತ್ರೇಯನನ್ನು ಶಿಷ್ಯನಾದ ಅಗ್ನಿವೇಶನು ಕೇಳುವುದು ಇದರ ಮಗ್ಗುಲಿನ ಪ್ರಶ್ನೆಯನ್ನೇ. ಪ್ರಕೃತಿ, ಆಹಾರ, ದೇಹ, ಬಲ, ವಯಸ್ಸು ಇವೆಲ್ಲವೂ ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿರಲು, ಒಂದೇ ವ್ಯಾಧಿಯು ಏಕಕಾಲದಲ್ಲಿ ಜನಪದವನ್ನೇ ಹೇಗೆ ಹಾಳುಮಾಡುವುದೆಂದು ಆತನ ಸಂಶಯ. ಗಾಳಿ, ನೀರು, ದೇಶ, ಕಾಲ ಈ ನಾಲ್ಕೂ ಎಲ್ಲರಿಗೂ ಸಮಾನವಾದುವು. ಅವು ಕೆಟ್ಟರೆ ಎಲ್ಲರೂ ಕೆಡುವರೆಂದು ಗುರುವಿನ ಸಮಾಧಾನ. ಆದರೆ ಅದೇ ಗ್ರಂಥದ ಸೂತ್ರಸ್ಥಾನದ 28ನೆಯ ಅಧ್ಯಾಯದಲ್ಲಿ ಇನ್ನೊಂದು ಮಾತುಂಟು: ವ್ಯಾಧಿಯನ್ನು ತಡೆದುಕೊಳ್ಳುವ ಶಕ್ತಿಯು ಎಲ್ಲ ಶರೀರಗಳಿಗೂ ಸಮನಾಗಿಲ್ಲ. ಆ ಶಕ್ತಿಗೆ ಅಲ್ಲಿ 'ವ್ಯಾಧಿಕ್ಷಮತ್ವ'ವೆಂದು ಹೆಸರು. ಅತಿಸ್ಥೂಲರು, ಅತಿಕೃಶರು, ದುರ್ಬಲರು, ಅಲ್ಪಾಹಾರಿಗಳು, ಮನಸ್ಸಿನ ಸತ್ತ್ವ ಕುಂದಿದವರು ಇಂಥವರಲ್ಲಿ ಅದು ಇಲ್ಲವೆಂದು ಪಟ್ಟಿಯನ್ನೂ ಕೊಟ್ಟಿದೆ.

ಪಟ್ಟಿಯಿದೆ, ಲೆಕ್ಕವಿಲ್ಲ. ಇಂಥ ಊರಿನಲ್ಲಿ ಇಷ್ಟು ಜನ ಕೃಶರಿದ್ದರು, ಅವರಲ್ಲಿ ಇಷ್ಟು ಜನರಿಗೆ ಬೇನೆ ಬಂತು, ಇಷ್ಟು ಜನರಿಗೆ ಬಾರಲಿಲ್ಲ ಎಂದು ಎಣಿಸಿ ಬರೆದಿಡುವ ಪದ್ಧತಿಯು ನಮ್ಮ ಪೂರ್ವಿಕರಲ್ಲಿ ಬೆಳೆಯಲಿಲ್ಲ. ಇದನ್ನು ನಾನು ನಿಂದೆಗಾಗಿ ಹೇಳುವುದಿಲ್ಲ. ಅಂದಿನ ದಿನಗಳಲ್ಲಿ ಜಗತ್ತಿನಲ್ಲಿ ಇನ್ನೆಲ್ಲಿಯೂ ಅದು ಇರಲಿಲ್ಲವೆಂದೇ ಹೇಳಬೇಕು. ನಮ್ಮ ಸೀಮೆಯಲ್ಲಿ ಈ ಎಣಿಕೆಯು ಹುಟ್ಟಿದ್ದು ಪ್ಲೇಗಿನ ಕಾಲದಲ್ಲಿ. ಇತ್ತೀಚೆಗೆ ಆಸ್ಪತ್ರೆಯ ದಾಖಲೆಗಳನ್ನು ಗಣಕಯಂತ್ರಕ್ಕೆ ಉಣಿಸಿ, ವಿಷಾಣುವಿನ ಸೋಂಕನ್ನು ಯಾರ ದೇಹವು ತಡೆಯುತ್ತದೆಂಬುದನ್ನು ಯಂತ್ರದಿಂದಲೇ ಕಂಡುಹಿಡಿಸುವ ಒಂದು ಶಾಸ್ತ್ರವು ಹೊರಟಿದೆ. ಅದು ಹೊಸದೆಂದು ಪತ್ರಿಕೆಗಳು ಹೊಗಳುತ್ತವೆ. ಅದರ ಬೇರು ನೂರಿಪ್ಪತ್ತೈದು ವರ್ಷಗಳಷ್ಟು ಕೆಳಗೆ, ನಮ್ಮ ಮುಂಬಯಿ ಇಲಾಖೆಯ ಮಣ್ಣಿನಲ್ಲಿಯೇ ಇದೆಯೆಂಬುದನ್ನು ತೋರಿಸಬೇಕೆಂದು ಈ ಲೇಖನವನ್ನು ಕೈಗೊಂಡಿದ್ದೇನೆ. ಇನ್ನೊಂದು ಸ್ವಂತದ ಕಾರಣವೂ ಉಂಟು. ಅದನ್ನು ಮುಂದೆ ಹೇಳುತ್ತೇನೆ.

1896ರ ಸೆಪ್ಟೆಂಬರದಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಮರು ವರ್ಷವೇ ಅದು ಬೆಳಗಾವಿ ಜಿಲ್ಲೆಯನ್ನೂ ಹೊಕ್ಕಿತು. ನಮ್ಮ ಅಜ್ಜಿಯು ಹೇಳುತ್ತಿದ್ದ ಕಥೆಗಳಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುವುದು, ಇಲಿ ಬಿದ್ದ ಮನೆಗೆ ಕೀಲಿ ಹಾಕುವುದು, ಸುಗ್ಗಿಯ ಹೊತ್ತಿಗೆ ಮರಳಿದವರು ಓಣಿಯಲ್ಲಿ ಉಳಿದ ಬಾಗಿಲುಗಳನ್ನು ಎಣಿಸುವುದು ಇವು ಪದೇ ಪದೇ ಬರುತ್ತಿದ್ದುವು. ಆ ಎಣಿಕೆಯು ಬಾಯಿಯ ಎಣಿಕೆ. ಕಾಗದದ ಎಣಿಕೆಯನ್ನು ಮಾಡಿದವನು ವಾಲ್ಡೆಮಾರ್ ಹಾಫ್‌ಕಿನ್ ಎಂಬ ರಷ್ಯಾದೇಶದ ಯಹೂದಿ ವಿದ್ವಾಂಸನು. ಈತನು ಪ್ಲೇಗಿಗೆ ಚುಚ್ಚುಮದ್ದನ್ನು ಸಿದ್ಧಪಡಿಸಿ 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ಆಮೇಲೆ ಭಾಯಖಳೆಯ ಸೆರೆಮನೆಯಲ್ಲಿ ಇಚ್ಛಿಸಿದ ಕೈದಿಗಳಿಗೆ ಚುಚ್ಚಿ ನೋಡಿದನು.

ಆತನ ಪರೀಕ್ಷೆಗಳಲ್ಲಿ ನನ್ನ ಮನಸ್ಸನ್ನು ಹಿಡಿದುದು ಬಡೋದೆಯ ಸಮೀಪದ ಉಂಧೇರಾ ಎಂಬ ಹಳ್ಳಿಯದು. ಕಾಲವು 1898ರ ಫೆಬ್ರುವರಿ. ಹಳ್ಳಿಯಲ್ಲಿ ಪ್ಲೇಗು ಆಗಲೇ ತಲೆಯೆತ್ತಿತ್ತು. ಇಷ್ಟವಿದ್ದವರಿಗೆ ಚುಚ್ಚಿ ಇಲ್ಲದವರನ್ನು ಬಿಡುವ ಬದಲು ಹಾಫ್‌ಕಿನ್ನನು ಮನೆಮನೆಯ ಜನರನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಂದು ಕುಟುಂಬದಲ್ಲಿಯೂ ಸುಮಾರು ಅರ್ಧ ಜನರಿಗೆ ಚುಚ್ಚಿದನು, ಅರ್ಧ ಜನರನ್ನು ಬಿಟ್ಟನು. ಕೆಲವು ವಾರಗಳ ತರುವಾಯ ಬಂದು ಲೆಕ್ಕ ತೆಗೆದಾಗ ಬೇನೆಯು 28 ಮನೆಗಳನ್ನು ಹೊಕ್ಕಿತ್ತು. ಆ ಮನೆಗಳಲ್ಲಿ ಚುಚ್ಚಿಸಿಕೊಂಡವರು 71 ಮಂದಿ. ಅವರಲ್ಲಿ 8 ಜನರಿಗೆ ಬೇನೆ ಬಂದು 3 ಜನ ಸತ್ತಿದ್ದರು. ಚುಚ್ಚಿಸಿಕೊಳ್ಳದವರು 64 ಮಂದಿ. ಅವರಲ್ಲಿ 27 ಜನರಿಗೆ ಬೇನೆ ಬಂದು 26 ಜನ ಸತ್ತಿದ್ದರು.

ಈ ನಾಲ್ಕು ಅಂಕೆಗಳ ಹಿಂದಿರುವ ಯುಕ್ತಿಯನ್ನು ವಾಚಕರು ಗಮನಿಸಬೇಕು. ಆತ್ರೇಯನು ಹೇಳಿದ ಗಾಳಿ, ನೀರು, ದೇಶ, ಕಾಲ ನಾಲ್ಕೂ ಇಲ್ಲಿ ಉಭಯ ಪಕ್ಷಕ್ಕೂ ಒಂದೇ, ಏಕೆಂದರೆ ಮನೆ ಒಂದೇ. ವ್ಯತ್ಯಾಸವು ಸೂಜಿಯೊಂದರಲ್ಲಿಯೇ. ಆದುದರಿಂದ ಫಲದ ವ್ಯತ್ಯಾಸವು ಸೂಜಿಯಿಂದಲೇ ಬಂದಿತೆಂದು ಹೇಳಲು ಎಡೆಯುಂಟಾಯಿತು. ತರ್ಕಶಾಸ್ತ್ರದವರ ಅನ್ವಯ-ವ್ಯತಿರೇಕವನ್ನು ಒಂದು ಹಳ್ಳಿಯ ಅಂಗಳದಲ್ಲಿ ಇಷ್ಟು ನಿರ್ದಾಕ್ಷಿಣ್ಯವಾಗಿ ನಿಲ್ಲಿಸಿದುದು ಅಪರೂಪ. (ಅರ್ಧ ಜನರನ್ನು ಗೊತ್ತಿದ್ದೂ ಬಿಟ್ಟುದು ಧರ್ಮವೇ ಎಂದು ಕೇಳಿದರೆ, ಆ 26 ಹೆಣಗಳ ಲೆಕ್ಕವನ್ನು ಓದುವಾಗ ನನ್ನ ಕೈಯೂ ತಡೆಯುತ್ತದೆ. ಮದ್ದು ಫಲಿಸುವುದೋ ಇಲ್ಲವೋ ಅಂದು ನಿಶ್ಚಯವಿರಲಿಲ್ಲವೆಂಬುದೊಂದೇ ಉತ್ತರ.)

ಆದರೆ ಇನ್ನೊಂದು ಅಂಕೆಯುಂಟು. ಅದನ್ನು ಯಾರೂ ಬರೆಯಲಿಲ್ಲ, ಕಳೆದು ನೋಡಿದರೆ ಮಾತ್ರ ಸಿಗುತ್ತದೆ. ಚುಚ್ಚಿಸಿಕೊಳ್ಳದ 64ರಲ್ಲಿ 27ನ್ನು ಕಳೆದರೆ 37. ಬೇನೆ ಹೊಕ್ಕ ಮನೆಯಲ್ಲಿದ್ದು, ಮದ್ದಿನ ಆಸರೆಯಿಲ್ಲದೆ, ಬೇನೆ ಬಾರದೆ ಉಳಿದವರು 37 ಜನ. ಅವರಿಗೇಕೆ ಬಾರಲಿಲ್ಲ? ಅವರ ವಯಸ್ಸೇನು, ಉದ್ಯೋಗವೇನು, ಅವರು ಮಲಗುವ ಜಾಗ ಯಾವುದು? ಹಾಫ್‌ಕಿನ್ನನ ಪ್ರಶ್ನೆಯು ಮದ್ದಿನದಾಗಿತ್ತು; ಬೇನೆ ಬಾರದವರ ದಫ್ತರವನ್ನು ಆತನು ತೆರೆಯಲಿಲ್ಲ. ಪ್ಲೇಗು ವಿಷಾಣುವಿನಿಂದ ಬರುವುದಲ್ಲ, ಇಲಿಯ ಚಿಗಟವು ಹೊತ್ತು ತರುವ ಬ್ಯಾಕ್ಟೀರಿಯದಿಂದ ಬರುವುದು. ಚಿಗಟದ ಸಂಗತಿಯನ್ನು ಸಿಮಾಂಡ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ತೋರಿಸಿಕೊಟ್ಟದ್ದೂ ಅದೇ 1898ರಲ್ಲಿ. ಹಾಗಾದರೆ ಆ 37 ಜನರ ಮೈಯಲ್ಲಿ ವ್ಯಾಧಿಕ್ಷಮತ್ವವಿತ್ತೋ, ಚಿಗಟವು ಅವರನ್ನು ಕಚ್ಚಲೇ ಇಲ್ಲವೋ? ಎರಡೂ ದಫ್ತರದಲ್ಲಿ ಒಂದೇ ತೆರನಾಗಿ ಕಾಣುತ್ತವೆ. ಇಂದಿನ ಯಂತ್ರವಿದ್ವಾಂಸರನ್ನು ಕಾಡುವ ತೊಡಕೂ ಇದೇ ಆಗಿದೆ.

ಅದೇ ವರ್ಷದ ಬೇಸಗೆಯಿಂದ ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿಯು ಇನ್ನೂ ದೊಡ್ಡದೊಂದು ಕೆಲಸವನ್ನು ಮಾಡಿದನು. ಸುಮಾರು 50,000 ಜನರ ಊರು. ಕೆಲವೇ ತಿಂಗಳುಗಳಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕ ಜನರಿಗೆ ಚುಚ್ಚುಮದ್ದಾಯಿತು. ವಾರವಾರವೂ ಚುಚ್ಚಿಸಿಕೊಂಡವರೆಷ್ಟು, ಉಳಿದವರೆಷ್ಟು, ಉಭಯರಲ್ಲಿ ಸತ್ತವರೆಷ್ಟು ಎಂದು ಲೆಕ್ಕವಿಟ್ಟರು. ಒಂದು ಗುಂಪು ವಾರವಾರಕ್ಕೆ ಕರಗುತ್ತ, ಇನ್ನೊಂದು ಬೆಳೆಯುತ್ತ ಹೋಗುವಾಗ ಯಾವ ಸಂಖ್ಯೆಯನ್ನು ಯಾವುದರಿಂದ ಭಾಗಿಸಬೇಕೆಂಬುದೇ ಒಂದು ಕಗ್ಗಂಟು. ಕೊನೆಯ ವಾರಗಳಲ್ಲಿ ಚುಚ್ಚಿಸಿಕೊಳ್ಳದೆ ಉಳಿದ ಕೆಲವರು ಯಾರು? ಆಗಲೇ ಜ್ವರ ಬಂದವರೋ, ಮುಪ್ಪಾದವರೋ, ದಿಕ್ಕಿಲ್ಲದವರೋ? ಹಾಗಿದ್ದರೆ ಅವರು ಸತ್ತುದಕ್ಕೆ ಮದ್ದಿಲ್ಲದಿರುವುದೊಂದೇ ಕಾರಣವಲ್ಲ. 1898ರಲ್ಲಿ ನೇಮಕವಾದ, ಪ್ರೊಫೆಸರ್ ಫ್ರೇಜರ್ ಅಧ್ಯಕ್ಷರಾಗಿದ್ದ ಪ್ಲೇಗ್ ಆಯೋಗವು ಹಾಫ್‌ಕಿನ್ನನ ಅಂಕೆಗಳ ನಿಖರತೆಯ ಬಗ್ಗೆ ಆಕ್ಷೇಪಣೆ ಎತ್ತಿತು. ಆದರೂ ಮದ್ದಿನಿಂದ ಬೇನೆಯೂ ಸಾವೂ ಕಡಮೆಯಾಗುತ್ತವೆಂಬುದನ್ನು ಒಪ್ಪಿಕೊಂಡಿತು. 1915ರಲ್ಲಿ ಗ್ರೀನ್‌ವುಡ್ ಮತ್ತು ಯೂಲ್ ಎಂಬ ಇಬ್ಬರು ಆಂಗ್ಲ ಸಂಖ್ಯಾಶಾಸ್ತ್ರಜ್ಞರು, ಇಂಥ ಚುಚ್ಚುಮದ್ದಿನ ಲೆಕ್ಕಗಳನ್ನು ನಂಬಬೇಕಾದರೆ ಯಾವ ಯಾವ ನಿಬಂಧನೆಗಳು ನೆರವೇರಿರಬೇಕೆಂದು ಒಂದು ಪ್ರಸಿದ್ಧ ಪ್ರಬಂಧವನ್ನೇ ಬರೆದರು. ಉಭಯ ಗುಂಪುಗಳಿಗೂ ಬೇನೆ ತಗಲುವ ಸಂಭವವು ಸಮಾನವಾಗಿರಬೇಕೆಂಬುದು ಅವುಗಳಲ್ಲೊಂದು.

1918ರ ಇನ್‌ಫ್ಲುಯೆಂಜಾ ವಿಷಾಣುವಿನ ಬೇನೆ. ಭಾರತದಲ್ಲಿ ಅದು ಒಂದು ಕೋಟಿಗೂ ಮಿಕ್ಕಿ ಜನರನ್ನು ನುಂಗಿತು. ಮುಂಬಯಿ ಇಲಾಖೆಯು ಅತಿ ಹೆಚ್ಚು ನೊಂದ ಪ್ರಾಂತಗಳಲ್ಲೊಂದು. ಮುದುಕರಿಗಿಂತ ಇಪ್ಪತ್ತರಿಂದ ನಾಲ್ವತ್ತರ ಪ್ರಾಯದವರೇ ಹೆಚ್ಚಾಗಿ ಸತ್ತರೆಂಬುದು ಆ ಕಾಲದ ಮರಣದ ಲೆಕ್ಕಗಳಿಂದಲೇ ಜಗತ್ತಿಗೆ ತಿಳಿದುದು. ಆದರೆ ಹಳ್ಳಿಯ ದಫ್ತರದಲ್ಲಿ ಬರೆಯುವವನಿಗೆ ಬೇನೆಯ ಹೆಸರು ಗೊತ್ತಿರಲಿಲ್ಲ; ಬಹುಪಾಲು ಮರಣಗಳ ಮುಂದೆ 'ಜ್ವರ'ವೆಂದಷ್ಟೇ ಬಿದ್ದಿತು. ಸತ್ತವರನ್ನೇ ಹೀಗೆ ಬರೆದ ಮೇಲೆ ಜ್ವರ ಬಂದು ಉಳಿದವರನ್ನೂ, ಜ್ವರವೇ ಬಾರದವರನ್ನೂ ಬರೆಯುವವರಾರು?

ಮುಂದಣ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಸಿಡುಬಿಗೆ, ಅಂದರೆ ನಮ್ಮ ಕಡೆಯ 'ದೇವಿ'ಗೆ, ಬೇಕಾದ ಲಸಿಕೆಯ ರಸವನ್ನು ಕರುಗಳಿಂದ ತಯಾರಿಸುತ್ತಿದ್ದ ಬೆಳಗಾವಿಯ ವ್ಯಾಕ್ಸಿನ್ ಡಿಪೋ ಈ ಸೀಮೆಯ ಹಿರಿಯರಿಗೆಲ್ಲ ಪರಿಚಿತ. ಇಂದು ಆ ಹೆಸರು ಟಿಳಕವಾಡಿಯ ಮೈದಾನಕ್ಕೆ ಉಳಿದಿದೆ. 1980ರಲ್ಲಿ ಸಿಡುಬು ಲೋಕದಿಂದಲೇ ಅಳಿದುದಾಗಿ ಘೋಷಣೆಯಾಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು ಹೊಸದೊಂದು ವಿಷಾಣು ಹೊರಬಿತ್ತು. ಅದೇ ಮಂಗನ ಕಾಯಿಲೆ. ಅದರ ಲಸಿಕೆಯ ಪ್ರಯೋಜನವನ್ನು 2005ರಿಂದ 2010ರ ವರೆಗಿನ ಆರೋಗ್ಯ ಇಲಾಖೆಯ ದಾಖಲೆಗಳಿಂದ ಲೆಕ್ಕ ಹಾಕಿದಾಗ, ಎರಡು ಸಲ ಹಾಕಿಸಿಕೊಂಡವರಿಗೆ ನೂರಕ್ಕೆ 62.4, ಆಮೇಲಿನ ವರ್ಧಕವನ್ನೂ ಪಡೆದವರಿಗೆ 82.9 ರಷ್ಟು ರಕ್ಷಣೆ ಎಂದು ಕಂಡುಬಂತು. ಲ್ಯೂಮನ್ನನ ಹುಬ್ಬಳ್ಳಿಯ ಕ್ರಮವೇ ಮಲೆನಾಡಿಗೆ ಬಂದಂತಾಯಿತು.

ಇನ್ನು ಯಂತ್ರದ ವಿಷಯ. ಪಾಠಶಾಲೆಯಲ್ಲಿ ನಮಗೆ ಮೊದಲು ಸೂತ್ರವನ್ನು ಬಾಯಿಪಾಠ ಮಾಡಿಸಿ, ತರುವಾಯ ಪ್ರಯೋಗವನ್ನು ತೋರಿಸುತ್ತಿದ್ದರು. ಯಂತ್ರಕಲಿಕೆಯಲ್ಲಿ ಕ್ರಮವು ತಿರುವುಮುರುವು. ಸೂತ್ರವನ್ನು ಹೇಳಿಕೊಡುವುದೇ ಇಲ್ಲ; ಪ್ರಯೋಗಗಳನ್ನು ಸಾವಿರಗಟ್ಟಲೆ ಮುಂದಿಟ್ಟು ಸೂತ್ರವನ್ನು ಅದೇ ಕಂಡುಕೊಳ್ಳುವಂತೆ ಬಿಡುವುದು. ತಾಯಿಯ ಮಾತನ್ನು ಕೂಸು ಕಲಿಯುವುದು ಹೀಗೆಯೇ ಅಲ್ಲವೆ? ಆಸ್ಪತ್ರೆಯ ದಫ್ತರದಿಂದ ಪ್ರತಿಯೊಬ್ಬನ ವಯಸ್ಸು, ಹಿಂದಿನ ಬೇನೆಗಳು, ತೆಗೆದುಕೊಂಡ ಔಷಧಗಳು, ರಕ್ತಪರೀಕ್ಷೆಯ ಅಂಕೆಗಳು ಇವನ್ನೆಲ್ಲ ತೆಗೆದು, ಸೋಂಕು ತಗಲಿದವರದೊಂದು ರಾಶಿ, ತಗಲದವರದೊಂದು ರಾಶಿ ಮಾಡುತ್ತಾರೆ. ಯಾವ ಲಕ್ಷಣಗಳು ಕೂಡಿದಾಗ ಮನುಷ್ಯನು ಎರಡನೆಯ ರಾಶಿಗೆ ಬೀಳುತ್ತಾನೆಂಬುದನ್ನು ಯಂತ್ರವು ಹುಡುಕುತ್ತದೆ. ಕಲಿಯುವಾಗ ತೋರಿಸದೆ ಮುಚ್ಚಿಟ್ಟ ಕೆಲವು ಜನರ ದಾಖಲೆಗಳನ್ನು ಕೊನೆಗೆ ಕೊಟ್ಟು ಅದನ್ನು ಪರೀಕ್ಷಿಸುತ್ತಾರೆ. ನಮ್ಮ ಶಾಲೆಗಳ ಪರೀಕ್ಷೆಗಿಂತ ಇದು ಪ್ರಾಮಾಣಿಕವೆಂದೇ ನನ್ನ ಅಭಿಪ್ರಾಯ. ಕೊರೋನಾ ಕಾಲದಲ್ಲಿ ಅಮೆರಿಕದ ವಿದ್ವಾಂಸರು ಈ ರೀತಿ ಹುಡುಕಹೊರಟಾಗ, ಸೋಂಕು ನಿಶ್ಚಯವಾದವನೊಡನೆ ಒಂದೇ ಮನೆಯಲ್ಲಿದ್ದು, ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಬಂದವರನ್ನು ಆರಿಸಿಕೊಂಡರು. ಉಂಧೇರಾದ ಆ 37 ಜನರೇ ಇವರು. ಹೆಸರು, ಊರು ಮಾತ್ರ ಬೇರೆ.

ಇಲ್ಲಿಯೇ ತರ್ಕದ ಹಳೆಯ ಎಚ್ಚರಿಕೆಯೊಂದು ನೆನಪಿಗೆ ಬರುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ, ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆಯೆ? ಕಮ್ಮಾರನ ಕುಲುಮೆಯಲ್ಲಿ ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಹಸಿ ಕಟ್ಟಿಗೆಯೂ ಬೇಕು. ನೋಡುವವನಿಗೆ ಕಾಣದೆ ನಡುವೆ ನಿಂತ ಈ ಹಸಿ ಕಟ್ಟಿಗೆಗೆ ನೈಯಾಯಿಕರು 'ಉಪಾಧಿ' ಎನ್ನುತ್ತಾರೆ. ಎರಡು ಸಂಗತಿಗಳು ಲಕ್ಷ ಸಲ ಜೊತೆಯಾಗಿ ಕಂಡರೂ ನಡುವೆ ಉಪಾಧಿಯಿದ್ದರೆ ವ್ಯಾಪ್ತಿ ಸಿದ್ಧಿಸದು. ಯಂತ್ರಕ್ಕೆ ಲಕ್ಷ ಸಲ ಕಾಣಲು ಬರುತ್ತದೆ. ಉಪಾಧಿಯನ್ನು ಶಂಕಿಸಲು ತಾನಾಗಿ ಬಾರದು. ಇದು ನನ್ನ ಊಹೆಯಲ್ಲ. ಅಮೆರಿಕದಲ್ಲಿ ನ್ಯುಮೋನಿಯಾ ರೋಗಿಗಳ ದಾಖಲೆಗಳನ್ನು ಕಲಿತ ಯಂತ್ರವೊಂದು, ಉಬ್ಬಸವಿದ್ದವರು ನ್ಯುಮೋನಿಯಾದಿಂದ ಸಾಯುವುದು ಕಡಮೆ ಎಂಬ ವಿಪರೀತ ಸೂತ್ರವನ್ನು ಕಂಡುಹಿಡಿಯಿತು. ನಿಜಸ್ಥಿತಿಯೇನೆಂದರೆ, ಉಬ್ಬಸದವರನ್ನು ವೈದ್ಯರು ಅಪಾಯವೆಂದು ತಿಳಿದು ನೇರವಾಗಿ ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಿದ್ದರು. ಆ ಆರೈಕೆಯಿಂದ ಅವರು ಉಳಿಯುತ್ತಿದ್ದರು. ಆರೈಕೆಯೆಂಬ ಉಪಾಧಿಯನ್ನು ಯಂತ್ರವು ಉಬ್ಬಸದ ಗುಣವೆಂದು ತಿಳಿಯಿತು. 2015ರಲ್ಲಿ ಪ್ರಕಟವಾದ ಒಂದು ಪ್ರಬಂಧದಿಂದ ಇದು ಪ್ರಸಿದ್ಧವಾಯಿತು.

ನಾನು ಮೂವತ್ತಕ್ಕೂ ಮಿಕ್ಕಿ ವರ್ಷ ಶಾಲೆಯಲ್ಲಿ ಹಾಜರಿಪುಸ್ತಕ ಬರೆದವನು. ಮಂಗನಬಾವು ಬಂದ ಹುಡುಗನೂ, ಅಕ್ಕನ ಮದುವೆಗೆ ಹೋದವನೂ, ಕಬ್ಬು ಕಡಿಯಲು ತಂದೆಯ ಜೊತೆ ನಡೆದವನೂ ಅದರಲ್ಲಿ ಒಂದೇ 'ಗೈರುಹಾಜರು'. ಹಾಜರಿಯಿದ್ದವರೆಲ್ಲ ಆರೋಗ್ಯವಂತರೆಂದು ಯಾರಾದರೂ ಆ ಪುಸ್ತಕದಿಂದ ಸಿದ್ಧಾಂತ ಮಾಡಿದರೆ ನಗದಿರಲಾದೀತೆ?

ಕೊರೋನಾದ ಮೊದಲ ವರ್ಷದ ಅಂಕೆಗಳನ್ನು ನೋಡಿರಿ. ಮನೆಯೊಳಗೆ ಒಬ್ಬನಿಗೆ ಸೋಂಕು ಬಂದರೆ ಉಳಿದವರಲ್ಲಿ ಎಷ್ಟು ಜನರಿಗೆ ತಗಲುತ್ತದೆಂದು ನಾನಾ ದೇಶಗಳ 54 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ನೂರಕ್ಕೆ 16.6 ಎಂದು 2020ರಲ್ಲಿ ಕಂಡುಬಂತು. ಹಾಗಾದರೆ ಆರರಲ್ಲಿ ಐವರು ವ್ಯಾಧಿಕ್ಷಮರೆ? ಎರಡೇ ವರ್ಷಗಳಲ್ಲಿ ಓಮಿಕ್ರಾನ್ ಬಂದಾಗ ಅದೇ ಲೆಕ್ಕವು 42.7ಕ್ಕೆ ಏರಿತು. ಮನುಷ್ಯರ ಮೈ ಎರಡು ವರ್ಷದಲ್ಲಿ ಬದಲಾಗಲಿಲ್ಲ. ಇನ್ನು ನಮ್ಮ ರಾಜ್ಯದ ಮಾತು. 2020ರ ಸೆಪ್ಟೆಂಬರ 3ರಿಂದ 16ರ ವರೆಗೆ ಕರ್ನಾಟಕದಾದ್ಯಂತ ಜನರ ರಕ್ತವನ್ನೂ ಗಂಟಲು-ಮೂಗಿನ ದ್ರವವನ್ನೂ ತೆಗೆದು ಪರೀಕ್ಷಿಸಿದರು. ನೂರಕ್ಕೆ 27.3 ಜನರಿಗೆ, ಅಂದರೆ ಸುಮಾರು 1 ಕೋಟಿ 93 ಲಕ್ಷ ಜನರಿಗೆ ಸೋಂಕು ಆಗಲೇ ಬಂದುಹೋಗಿತ್ತು ಅಥವಾ ಬಂದಿತ್ತು. ಸರಕಾರದ ದಫ್ತರದಲ್ಲಿ ದಾಖಲಾದ ಪ್ರತಿ ಒಬ್ಬ ಸೋಂಕಿತನಿಗೆ ಸುಮಾರು ನಾಲ್ವತ್ತು ಜನ ಸೋಂಕಿತರು ಇದ್ದರೆಂದು ಗಣಿಸಿದರು. ಆ ದಫ್ತರವನ್ನು ಯಂತ್ರಕ್ಕೆ ಕೊಟ್ಟರೆ ಉಳಿದ ಮೂವತ್ತೊಂಬತ್ತು ಜನರನ್ನೂ ಅದು 'ಬಾರದವರ' ರಾಶಿಗೆ ಹಾಕುತ್ತಿತ್ತು.

ಆ ನಾಲ್ವತ್ತರಲ್ಲಿ ನಾನೂ ಒಬ್ಬನು. ಮೊದಲಿಗೆ ಹೇಳಿದ ಸ್ವಂತದ ಕಾರಣವಿದು. 2020ರ ಆಗಸ್ಟಿನಲ್ಲಿ ನಮ್ಮ ಅಣ್ಣನವರಿಗೆ ಜ್ವರ ಬಂತು. ಅವರು ನನಗಿಂತ ಏಳು ವರ್ಷ ಹಿರಿಯರು. ತಂದೆ ತೀರಿದ ಮೇಲೆ ನನ್ನನ್ನು ಓದಿಸಿದವರು. ಎಂಟು ದಿನ ಅದೇ ಕೋಣೆಯಲ್ಲಿದ್ದು ಅವರ ಸೇವೆ ಮಾಡಿದೆನು. ನನ್ನ ಮೂಗಿನ ದ್ರವದ ಪರೀಕ್ಷೆ ಮೂರನೆಯ ದಿನ ಆಗಿತ್ತು. ಚೀಟಿಯಲ್ಲಿ 'ನೆಗೆಟಿವ್' ಎಂದು ಬಂತು. ಒಂದು ಸೀನೂ ಬರಲಿಲ್ಲ. ಅಥಣಿಯವರಿಗೆ ಬೆಳಗಾವಿಗಿಂತ ಮಿರಜ ಹತ್ತಿರ; ವಾನ್‌ಲೆಸ್ ಸಾಹೇಬರು 1894ರಲ್ಲಿ ಅಲ್ಲಿ ಮಿಶನ್ ಆಸ್ಪತ್ರೆ ತೆರೆದಂದಿನಿಂದ ನಾಲ್ಕು ತಲೆಮಾರು ದೊಡ್ಡ ಬೇನೆಗೆ ಮಿರಜಕ್ಕೇ ಹೋಗುವ ರೂಢಿ. ಕಾಗವಾಡದ ಗಡಿಯಲ್ಲಿ ತಪಾಸಣೆ ಮುಗಿಸಿಕೊಂಡು ಅಲ್ಲಿ ತಲುಪಿದೆವು. ಎರಡು ಕಡೆ ಹಾಸಿಗೆಯಿಲ್ಲವೆಂದರು. ಮೂರನೆಯ ಕಡೆ ಸೇರಿಸಿಕೊಂಡರು. ಐದನೆಯ ದಿನ ಅಣ್ಣನವರು ತೀರಿಕೊಂಡರು. 'ಮಾಸ್ತರರದು ಗಟ್ಟಿ ಜೀವ, ಏನೂ ತಟ್ಟಲಿಲ್ಲ' ಎಂದು ಓಣಿಯಲ್ಲಿ ಅಂದರು. ಅದನ್ನು ನಾನೂ ಸ್ವಲ್ಪ ನಂಬಿದೆನು.

ನವೆಂಬರದಲ್ಲಿ ಬೇರೊಂದು ಕಾರಣಕ್ಕೆ ರಕ್ತ ಕೊಟ್ಟಾಗ, ವೈದ್ಯರು ಪ್ರತಿಕಾಯದ ಪರೀಕ್ಷೆಯನ್ನೂ ಮಾಡಿಸಿದರು. ಆಗ ಲಸಿಕೆಯಿನ್ನೂ ಬಂದಿರಲಿಲ್ಲ. ಆದರೂ ನನ್ನ ರಕ್ತದಲ್ಲಿ ಪ್ರತಿಕಾಯಗಳಿದ್ದುವು. ಸೋಂಕು ನನಗೂ ಬಂದಿತ್ತು. ಅಣ್ಣನವರು ಜುಲೈಯಿಂದ ಹೊಸ್ತಿಲು ದಾಟಿದವರಲ್ಲ. ಪಿಂಚಣಿಗೆಂದು ಬ್ಯಾಂಕಿಗೆ, ಕಾಯಿಪಲ್ಲೆಗೆಂದು ಸಂತೆಗೆ ಹೋಗುತ್ತಿದ್ದವನು ನಾನೊಬ್ಬನೇ. ಇದರ ಮುಂದಿನ ಮಾತನ್ನು ಬರೆಯಲು ಬೇರೆ ಪ್ರಮಾಣ ಬೇಕು, ಅದು ನನ್ನಲ್ಲಿಲ್ಲ.

ಬೇನೆ ನಿಜವಾಗಿ ತಗಲಿತೋ ಇಲ್ಲವೋ ಎಂಬ ಸಂಶಯವನ್ನು ಕಳೆಯಲು ಒಂದೇ ನಿಶ್ಚಿತ ಮಾರ್ಗ: ಗೊತ್ತಿದ್ದೂ ತಗಲಿಸುವುದು. 2021ರಲ್ಲಿ ಲಂಡನ್ನಿನಲ್ಲಿ ಅದನ್ನೂ ಮಾಡಿದರು. ಸೋಂಕೂ ಲಸಿಕೆಯೂ ಕಾಣದ 36 ಜನ ತರುಣ ಸ್ವಯಂಸೇವಕರ ಮೂಗಿಗೆ ವಿಷಾಣುವಿನ ಹನಿಯನ್ನು ಬಿಟ್ಟರು. ಲೆಕ್ಕಕ್ಕೆ ಹಿಡಿದ 34ರಲ್ಲಿ 18 ಜನರಿಗೆ ಸೋಂಕು ನೆಲೆಗೊಂಡಿತು. 16 ಜನರಿಗೆ ನೆಲೆಗೊಳ್ಳಲಿಲ್ಲ. ಇವರಿಗೆ ಚಿಗಟ ಕಚ್ಚಲಿಲ್ಲವೆಂದು ಹೇಳುವಂತಿಲ್ಲ. ಇವರಲ್ಲಿ ಕೆಲವರ ಮೂಗಿನ ಜೀವಕೋಶಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ವರದಿಯಂತೆ, ಎಚ್‌ಎಲ್‌ಎ-ಡಿಕ್ಯೂಎ2 ಎಂಬ ಅನುವಂಶೀಯ ಘಟಕವು ಮೊದಲೇ ಚುರುಕಾಗಿದ್ದವರಲ್ಲಿ ವಿಷಾಣು ನಿಲ್ಲಲಿಲ್ಲ. 2023ರ ಇನ್ನೊಂದು ಸಂಶೋಧನೆಯು ಎಚ್‌ಎಲ್‌ಎ-ಬಿ*15:01 ಎಂಬ ಪ್ರಭೇದವನ್ನು ಹೊತ್ತವರಿಗೆ ಸೋಂಕು ತಗಲಿದರೂ ಲಕ್ಷಣಗಳೇ ತೋರದಿರುವ ಸಂಭವವು ಹೆಚ್ಚೆಂದು ಕಂಡಿತು. ಎರಡೂ ಬೇರೆ ಬೇರೆ ಸಂಗತಿಗಳು: ಒಂದು ಬಾರದಿರುವುದು, ಇನ್ನೊಂದು ಬಂದೂ ತಿಳಿಯದಿರುವುದು. ಎರಡನೆಯದು ರೋಗಿಗೆ ಭಾಗ್ಯ. ಅವನ ಮನೆಯವರಿಗೆ ಹಾಗೆಂದು ಹೇಳಲಾರೆನು.

ದಾಖಲೆಗಳೂ ಈಗ ಕೂಡಿಕೊಳ್ಳತೊಡಗಿವೆ. 2021ರ ಸೆಪ್ಟೆಂಬರ 27ರಂದು ದೇಶಕ್ಕೆಲ್ಲ ಅನ್ವಯಿಸಿದ ಆಯುಷ್ಮಾನ್ ಭಾರತ್ ಡಿಜಿಟಲ್ ಯೋಜನೆಯಲ್ಲಿ ಪ್ರತಿಯೊಬ್ಬನಿಗೂ 14 ಅಂಕೆಗಳ ಆರೋಗ್ಯಸಂಖ್ಯೆಯನ್ನು ಕೊಡುತ್ತಾರೆ. ಅಥಣಿಯ ದಾಖಲೆಯೂ ಮಿರಜದ ದಾಖಲೆಯೂ ಒಂದೇ ಸಂಖ್ಯೆಯ ಕೆಳಗೆ ಬರಬೇಕೆಂಬುದು ಉದ್ದೇಶ. ಗಡಿಯ ಜನರಾದ ನಮಗೆ ಇದು ಸಣ್ಣ ವಿಷಯವಲ್ಲ. 1969ರ ಕಾನೂನಿನಂತೆ ಮರಣವು ಎಲ್ಲಿ ಸಂಭವಿಸಿತೋ ಅಲ್ಲಿಯೇ ದಾಖಲಾಗಬೇಕು. ಆದುದರಿಂದ ಅಣ್ಣನವರ ಹೆಸರು ಅಥಣಿಯ ಮರಣಪುಸ್ತಕದಲ್ಲಿಲ್ಲ. ಅವರ ಮರಣಪತ್ರವು ಮರಾಠಿಯಲ್ಲಿದೆ. 2020ರ ಅಥಣಿಯ ಕಾಗದಗಳನ್ನಷ್ಟೇ ಓದುವ ಯಂತ್ರಕ್ಕೆ ನಮ್ಮ ಮನೆಯಲ್ಲಿ ಯಾರೂ ಸಾಯಲಿಲ್ಲ, ಸೋಂಕಿತನ ಜೊತೆಗಿದ್ದ ತಮ್ಮನು ವ್ಯಾಧಿಕ್ಷಮನು.

ಕಳೆದ ಶ್ರಾವಣದಲ್ಲಿ ಆಶಾ ಕಾರ್ಯಕರ್ತೆಯೊಬ್ಬಳು ಆರೋಗ್ಯದ ಸಮೀಕ್ಷೆಗೆ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ. ಹಿಂದೆ ಯಾವ ಬೇನೆ ಬಂದಿದ್ದುವೆಂದು ಕೇಳಿದಳು. ಕೊರೋನಾ ಬಂದಿತ್ತೆಂದು ಬರೆದುಕೋ ಎಂದೆನು. ಪೆಟ್ಟಿಗೆಯಿಂದ ತೆಗೆದು ಕೊಟ್ಟ ಚೀಟಿಯನ್ನು ಆಕೆ ತಿರುಗಿಸಿ ನೋಡಿ, "ಸರ್, ಇದ್ರಾಗ ನೆಗೆಟಿವ್ ಅಂತ ಐತೆಲ್ಲರೀ" ಎಂದಳು. ನವೆಂಬರದ ರಕ್ತಪರೀಕ್ಷೆಯ ಕಾಗದವನ್ನೂ ಕೊಟ್ಟೆನು. ಆಕೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿ, ತನ್ನ ಪುಸ್ತಕದಲ್ಲಿ ಅದಕ್ಕೆ ಮನೆಯಿಲ್ಲದ ಕಾರಣ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಳು.